ನನ್ನಷ್ಟೇ ಎತ್ತರದವರ ಜೊತೆ ಊರೇ ನನ್ನನ್ನು ಜೋಡಿಸುತ್ತದೆ. ನಾನಾಗಿ ಹೋಗಿ ಅವರನ್ನು ಸೇರಬೇಕಾ?

ಪ್ರಶ್ನೆ ಕೇಳಿದವರು: ಬಂದರ್ ಲೆಕ್ಕದವಳು

ನಮಸ್ಕಾರ. ನನಗೆ 27 ವರ್ಷ. ಮಂಗಳೂರಿನ ಬಂದರಿನಲ್ಲಿ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಕಾವೂರು ಕಡೆ. ಎತ್ತರ 3 ಅಡಿ 11 ಇಂಚು. ಅಕಾಂಡ್ರೊಪ್ಲಾಸಿಯಾ, ಅಂದರೆ ಕೈಕಾಲಿನ ಎಲುಬು ಉದ್ದ ಬೆಳೆಯದ, ಹುಟ್ಟಿನಿಂದಲೇ ಇರುವ ಸ್ಥಿತಿ. ಈ ಹೆಸರು ನನಗೆ ಗೊತ್ತಾದದ್ದೇ ಪಿಯುಸಿಗೆ ಬಂದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ "ಅವಳು ಸ್ವಲ್ಪ ಗಿಡ್ಡ" ಎಂದಷ್ಟೇ ಹೇಳುತ್ತಿದ್ದರು. ಅಪ್ಪ, ಅಮ್ಮ, ಅಣ್ಣ ಎಲ್ಲರೂ ಸಾಮಾನ್ಯ ಎತ್ತರದವರು. ಅಜ್ಜಿ ಕಡೆ, ಅಜ್ಜ ಕಡೆ ಎಷ್ಟು ಹುಡುಕಿದರೂ ನನ್ನಂಥವರು ಯಾರೂ ಇಲ್ಲ.

ಇದು ಅಳುವ ಪೋಸ್ಟ್ ಅಲ್ಲ. ನನ್ನ ಕೆಲಸ ನನಗೆ ಇಷ್ಟ. ಧಣಿಗಳು ಬಡಗಿಯನ್ನು ಕರೆಸಿ ನನ್ನ ಕುರ್ಚಿಯ ಕೆಳಗೆ ಕಾಲಿಡಲು ಒಂದು ಹಲಗೆ ಹೊಡೆಸಿಕೊಟ್ಟಿದ್ದಾರೆ. ಕಾಲು ನೇತಾಡುತ್ತಿದ್ದರೆ ಬೇಗ ಜೋಮು ಹಿಡಿಯುತ್ತದೆ, ಗೊತ್ತಿದ್ದವರಿಗೆ ಗೊತ್ತು. ಚೀಲ ಹೊರುವ ಅಣ್ಣಂದಿರು ಮೊದಮೊದಲು ನನ್ನನ್ನು ನೋಡಿ ಪಿಸುಗುಟ್ಟುತ್ತಿದ್ದರು. ಈಗ ತೂಕದಲ್ಲಿ ಹೆಚ್ಚುಕಡಿಮೆ ಆದರೆ ಸೀದಾ ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ. ನನಗೆ ಬೇಕಾದದ್ದು ಅದೇ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತಿದೆ. ನನ್ನ ಹಿಂದೆಯೇ ಇನ್ನೊಬ್ಬರು ಹತ್ತಿದರು. ಅವರದೂ ನನ್ನಷ್ಟೇ ಎತ್ತರ. ಯಾರೋ ಏನೋ, ಜನ್ಮದಲ್ಲಿ ನೋಡಿದವರಲ್ಲ. ಕಂಡಕ್ಟರ್ ನೇರ ನನ್ನ ಹತ್ತಿರ ಬಂದು "ಎರಡು ಎಲ್ಲಿಗೆ?" ಎಂದ. ಎರಡು! ಮುಂದಿನ ಸೀಟಿನಲ್ಲಿದ್ದ ಗಂಡ ಹೆಂಡತಿ ಇಬ್ಬರೂ ಎದ್ದು, ನಗುನಗುತ್ತಾ ಆ ಸೀಟು ನಮ್ಮಿಬ್ಬರಿಗೆ ಬಿಟ್ಟುಕೊಟ್ಟರು. ಬೇಡ ಎಂದರೂ ಕೇಳಲಿಲ್ಲ. ಹಿಂದಿನಿಂದ ಒಂದು ಮೊಬೈಲ್ ಮೇಲೆ ಬಂತು. ಅಷ್ಟರಲ್ಲಿ "ರೈಟ್ ಪೋಯಿ" ಆಯಿತು, ಇಳಿಯಲೂ ಆಗಲಿಲ್ಲ. ಪಕ್ಕದಲ್ಲಿ ಕೂತ ಆ ಮನುಷ್ಯ ಕಿಟಕಿ ಕಡೆ ನೋಡುತ್ತಾ "ನಾನು ಯೆಯ್ಯಾಡಿಯಲ್ಲಿ ಇಳಿಯುವವ" ಎಂದರು. ನಾನು "ನಾನು ಕಾವೂರು" ಎಂದೆ. ಮಾತು ಅಲ್ಲಿಗೇ ಮುಗಿಯಿತು. ಪಾಪ, ಅವರಿಗೂ ಸಾಕಾಗಿತ್ತು.

ಇದು ಬಸ್ಸಿನ ಕಥೆಯಾದರೆ, ಮನೆಯಲ್ಲಿ ಇನ್ನೊಂದು. ಚಿಕ್ಕಮ್ಮ ಕುಂದಾಪುರ ಕಡೆಯಿಂದ ಒಂದು ಸಂಬಂಧ ತಂದಿದ್ದಾರೆ. ಹುಡುಗ ಎಷ್ಟು ಓದಿದ್ದಾನೆ, ಕುಡಿಯುತ್ತಾನಾ, ಅಮ್ಮನ ಮಾತು ಕೇಳುತ್ತಾನಾ, ಹೆಂಡತಿ ಕೆಲಸಕ್ಕೆ ಹೋಗುವುದು ಇಷ್ಟವಾ, ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. 4 ಅಡಿ. "ಜೋಡಿ ಕಣ್ಣಿಗೆ ಚಂದ ಕಾಣುತ್ತದೆ ಮಾರಾಯ್ತಿ" ಎಂದರು ಚಿಕ್ಕಮ್ಮ. ಅಣ್ಣನಿಗೆ ಹುಡುಗಿ ನೋಡುವಾಗ ಇದೇ ಚಿಕ್ಕಮ್ಮ ಜಾತಕ, ಗೋತ್ರ, ಚಿನ್ನ, ಹುಡುಗಿಯ ಸಂಬಳ, ಅವರ ಮನೆಯ ಬಾವಿ ಕೂಡ ನೋಡಿ ಬಂದಿದ್ದರು.

ಮೂರನೆಯದು ನಿಜವಾದ ಪ್ರಶ್ನೆ. ಹಳೆಯ ಕ್ಲಾಸ್‌ಮೇಟ್ ಒಬ್ಬಳು ನಮ್ಮಂಥವರ ಒಂದು ವಾಟ್ಸಾಪ್ ಗ್ರೂಪಿನ ಲಿಂಕ್ ಕಳಿಸಿದ್ದಾಳೆ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರು ಇದ್ದಾರಂತೆ. ಆಗಾಗ ಎಲ್ಲಾದರೂ ಸೇರುತ್ತಾರಂತೆ. ನಾನು ಇನ್ನೂ ಒತ್ತಿಲ್ಲ.

ಒಬ್ಬಳೇ ಇದ್ದರೆ ಜನ ನೋಡುತ್ತಾರೆ. ಇಬ್ಬರಾದರೆ ನಿಂತು ನೋಡುತ್ತಾರೆ. ಹತ್ತು ಜನ ಸೇರಿದರೆ ಟಿಕೆಟ್ ಇಡಬಹುದು. ಇಷ್ಟು ವರ್ಷ ಕಷ್ಟಪಟ್ಟು "ಆ ಗಿಡ್ಡ ಹುಡುಗಿ"ಯಿಂದ "ಮಂಡಿಯ ಲೆಕ್ಕದವಳು" ಆಗಿದ್ದೇನೆ. ಈಗ ಹೋಗಿ ಮತ್ತೆ ಎತ್ತರದ ಲೆಕ್ಕದಲ್ಲೇ ಗುಂಪು ಸೇರಬೇಕಾ? ಎತ್ತರ ಒಂದೇ ಎನ್ನುವುದು ಬಿಟ್ಟರೆ ಅವರಿಗೂ ನನಗೂ ಏನು ಸಂಬಂಧ? ಇಂಥ ಗುಂಪಿಗೆ ಹೋದವರು ಯಾರಾದರೂ ಇದ್ದರೆ, ನಿಮಗೆ ಅದರಿಂದ ಏನು ಸಿಕ್ಕಿತು ಎಂದು ನೇರವಾಗಿ ಹೇಳಿ. "ಪಾಸಿಟಿವ್ ಆಗಿರಿ" ಎನ್ನುವವರು ದಯವಿಟ್ಟು ಮುಂದಿನ ಪೋಸ್ಟಿಗೆ ಹೋಗಿ.

ಉತ್ತರ: ಶುಭಚಿಂತಕ_ಕುಡ್ಲ

ಮೇಡಂ, ನಿಮ್ಮ ಧೈರ್ಯಕ್ಕೆ ದೊಡ್ಡ ನಮಸ್ಕಾರ. ಬೇಸರ ಮಾಡಬೇಡಿ. ನನ್ನ ಪರಿಚಯದವರೊಬ್ಬರು ಎತ್ತರ ಬೆಳೆಯುವ ಪುಡಿ ಕೊಡುತ್ತಾರೆ. ಹಾಲಿನಲ್ಲಿ ಕಲಸಿ 3 ತಿಂಗಳು ಕುಡಿದರೆ ಸಾಕು. ಇನ್‌ಬಾಕ್ಸ್ ಮಾಡಿ.

ಬಂದರ್ ಲೆಕ್ಕದವಳು

ಸರ್, ಎಲುಬಿನ ತುದಿಯಲ್ಲಿ ಬೆಳೆಯುವ ಭಾಗ ಎಂದು ಒಂದಿರುತ್ತದೆ. ಹದಿಹರೆಯ ಮುಗಿಯುವಾಗ ಅದು ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ನನ್ನದು ಮುಚ್ಚಿ ಕಾಲ ಆಯಿತು. ನಿಮ್ಮದೂ ಮುಚ್ಚಿರುತ್ತದೆ. ಪುಡಿ ನೀವೇ ಕುಡಿಯಿರಿ, ಹಾಲಾದರೂ ಹೊಟ್ಟೆಗೆ ಹೋಗುತ್ತದೆ.

ಉತ್ತರ: ಸಂತೆಕಟ್ಟೆ ಟೈಲರ್

ತಂಗಿ, ನಾನು ಉಡುಪಿ ಹತ್ತಿರ ಸಂತೆಕಟ್ಟೆಯವ. ವಯಸ್ಸು 54. ಎತ್ತರ 4 ಅಡಿ 1 ಇಂಚು. ನಿಮ್ಮದೇ ಕಾಯಿಲೆ, ಅಥವಾ ಕಾಯಿಲೆ ಅನ್ನುವುದು ಬೇಡ, ನಿಮ್ಮದೇ ಕಂಪೆನಿ. ಹೊಲಿಗೆ ಅಂಗಡಿ ಉಂಟು. ಮಿಷನ್ ಮೋಟಾರಿನದು, ಪೆಡಲ್ ಕೆಳಗೆ ಹಲಗೆ ಇಟ್ಟು ಎತ್ತರ ಮಾಡಿಕೊಂಡಿದ್ದೇನೆ.

ಬಸ್ಸಿನ ವಿಷಯ ಓದಿ ನಗು ಬಂತು. ನನ್ನನ್ನೂ ಬ್ರಹ್ಮಾವರದ ಒಬ್ಬರನ್ನೂ ಅಣ್ಣತಮ್ಮ ಎಂದೇ ಈ ಊರು ತಿಳಿದಿದೆ. ಅವರು ಕ್ರಿಶ್ಚಿಯನ್. ನಾನು ದೇವಸ್ಥಾನದ ಧ್ವಜ ಹೊಲಿಯುವವ. ಶಾಲೆಯಲ್ಲಿ ನನ್ನನ್ನು ವಾಮನ ಎಂದು ಕರೆಯುತ್ತಿದ್ದರು. ದೀಪಾವಳಿ ಬಂದರೆ ಮಾತ್ರ ನಮ್ಮೂರವರೆಲ್ಲ ಬಲೀಂದ್ರನ ಪರ, ಅಲ್ವಾ? ಗದ್ದೆಗೆ ದೀಪ ಹಿಡಿದು ಹೋಗಿ ಬಲೀಂದ್ರನನ್ನು ಕರೆಯುವಾಗ ನಾನೂ ಹೋಗುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಾನೇ ಕೂಗುತ್ತಿದ್ದೆ.

ನೀವು ಕೇಳಿದ್ದು ಏನು ಸಿಕ್ಕಿತು ಎಂದು. ನನಗೆ ಸಿಕ್ಕಿದ್ದು ನನ್ನ ಎರಡು ಕಾಲು.

ನಲವತ್ತು ದಾಟುವಾಗ ನಡೆದರೆ ಕಾಲು ಮರಗಟ್ಟಲು ಶುರುವಾಯಿತು. ಹೈವೇ ಬದಿಯಿಂದ ಅಂಗಡಿಗೆ ಬರುವುದರೊಳಗೆ ಅಲ್ಲಲ್ಲಿ ಕುಕ್ಕರುಗಾಲಿನಲ್ಲಿ ಕೂರಬೇಕು. ಕೂತರೆ ಸರಿಯಾಗುತ್ತಿತ್ತು. ಎದ್ದು ನಡೆದರೆ ಮತ್ತೆ ಅದೇ. ಒಬ್ಬ ಡಾಕ್ಟರು ತೂಕ ಇಳಿಸಿ ಎಂದರು. ಇನ್ನೊಬ್ಬರು ವಿಟಮಿನ್ ಇಂಜೆಕ್ಷನ್ ಕೊಟ್ಟರು. ಮತ್ತೊಬ್ಬರು "ನಿಮ್ಮಂಥವರಿಗೆ ಇದೆಲ್ಲ ಇರುವುದೇ" ಎಂದು ಕಳಿಸಿದರು. ಬೆನ್ನು ಯಾರೂ ನೋಡಲಿಲ್ಲ.

ಆಮೇಲೆ ಅಂಗವಿಕಲತೆ ಸರ್ಟಿಫಿಕೇಟಿಗೆ ಒಂದು ಕ್ಯಾಂಪಿಗೆ ಹೋದೆ. ಸಾಲಿನಲ್ಲಿ ನಿಲ್ಲಲಾಗದೆ ಗೋಡೆ ಬದಿ ಕುಕ್ಕರು ಕೂತಿದ್ದೆ. ನಮ್ಮಂಥವರೇ ಒಬ್ಬರು ಬಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ನಡೆದರೆ ಜೋಮು, ಕೂತರೆ ಸರಿ, ಅಲ್ವಾ?" ಎಂದರು. ಅಂಗಿ ಎತ್ತಿ ಬೆನ್ನಿನ ಗಾಯದ ಗುರುತು ತೋರಿಸಿದರು. ನಮ್ಮ ಬೆನ್ನುಮೂಳೆಯ ಒಳದಾರಿ ಹುಟ್ಟಿನಿಂದಲೇ ಇಕ್ಕಟ್ಟು, ವಯಸ್ಸಾದಂತೆ ನರ ಒತ್ತುತ್ತದೆ, ಬಗ್ಗಿದರೆ ಅಥವಾ ಕುಕ್ಕರು ಕೂತರೆ ಸ್ವಲ್ಪ ಜಾಗ ಆಗುತ್ತದೆ ಎಂದು ವಿವರಿಸಿದರು. "ನಾಳೆಯೇ ಎಂಆರ್‌ಐ ಮಾಡಿಸು. ಮೂತ್ರ ಹಿಡಿಯಲು ಕಷ್ಟವಾದರೆ ನಾಳೆವರೆಗೂ ಕಾಯಬೇಡ." ಇಷ್ಟು ಹೇಳಿ ಅವರ ನಂಬರ್ ಬಂತೆಂದು ಒಳಗೆ ಹೋದರು. ಸ್ಕ್ಯಾನ್ ಮಾಡಿಸಿದೆ. ಆಪರೇಷನ್ ಆಯಿತು. ನರದ ಮೇಲಿನ ಎಲುಬು ಸ್ವಲ್ಪ ತೆಗೆದು ಜಾಗ ಮಾಡಿದರು. ಈಗ ಕಲ್ಯಾಣಪುರ ಸಂತೆಗೆ ನಡೆದೇ ಹೋಗುತ್ತೇನೆ. ನಡೆದರೆ ಮರಗಟ್ಟುತ್ತದೆ ಎನ್ನುವವರು ಇದನ್ನು ಓದುತ್ತಿದ್ದರೆ, ಮೊದಲು ಆಸ್ಪತ್ರೆ, ಆಮೇಲೆ ಉಳಿದ ಪೋಸ್ಟ್.

ಆ ಮನುಷ್ಯನಿಗೂ ನನಗೂ ಸಂಬಂಧ ಏನು ಎಂದರೆ ಹೇಳಲಾರೆ. ಸ್ನೇಹಿತರಂತೂ ಅಲ್ಲ. ಆಮೇಲೆ ಪರಿಚಯ ಆಯಿತು, ಅವರ ರಾಜಕೀಯ ನನಗೆ ಸರಿಹೋಗುವುದಿಲ್ಲ. ಆದರೆ ನನ್ನ ಬೆನ್ನಿನ ಬಗ್ಗೆ ಮೂರು ಡಾಕ್ಟರಿಗೆ ಹೊಳೆಯದ್ದು ಅವರಿಗೆ ದೂರದಿಂದ ನೋಡಿಯೇ ಗೊತ್ತಾಯಿತು.

ಗುಂಪಿನ ಬಗ್ಗೆಯೂ ಸುಮ್ನೆ ಹೊಗಳುವುದಿಲ್ಲ. ನೀವು ಹೇಳಿದ ಗ್ರೂಪಿನಲ್ಲಿ ನಾನೂ ಇದ್ದೇನೆ. ಬೆಳಿಗ್ಗೆ ಆದರೆ ಹೂವಿನ ಚಿತ್ರ ಕಳಿಸುವವರು ಉಂಟು. ಸಾಲ ಕೇಳಿ ಮಾಯವಾದವರು ಉಂಟು. ಜಗಳವೂ ಉಂಟು. ದೊಡ್ಡ ಜಗಳ ಮದುವೆ ಹಾಲಿನ ಬಾಗಿಲಲ್ಲಿ ನಿಲ್ಲುವ ಕೆಲಸದ್ದು. ನೋಡಿರುತ್ತೀರಿ, ಕೋಟು ಟೋಪಿ ಹಾಕಿಸಿ, ಬಂದವರಿಗೆ ಕೈಮುಗಿದು ಗುಲಾಬಿ ಕೊಡಲು ನಮ್ಮವರನ್ನು ನಿಲ್ಲಿಸುತ್ತಾರೆ. ನಾನೂ ಇಪ್ಪತ್ತರ ವಯಸ್ಸಿನಲ್ಲಿ ನಿಂತಿದ್ದೇನೆ. ಮೊದಲ ಮಿಷನ್ ತೆಗೆದದ್ದು ಆ ದುಡ್ಡಿನಿಂದಲೇ. ಕೆಲವರು ಅದು ಮಾನಗೇಡು, ಬಿಡಬೇಕು ಎನ್ನುತ್ತಾರೆ. ಮಾಡುವವರು "ನೀನು ಸಂಬಳ ಕೊಡು, ಬಿಡುತ್ತೇನೆ" ಎನ್ನುತ್ತಾರೆ. ನನಗೆ ಆ ಕೆಲಸ ಇಷ್ಟವಿಲ್ಲ. ಮಾಡುವವರನ್ನು ಬೈಯುವುದು ಅದಕ್ಕಿಂತ ಇಷ್ಟವಿಲ್ಲ.

ಟಿಕೆಟ್ ಇಡಬಹುದು ಎಂದಿರಿ. ಅಮೆರಿಕದಲ್ಲಿ 1957ರಲ್ಲಿ ಬಿಲ್ಲಿ ಬಾರ್ಟಿ ಎಂಬ ನಟ ನಮ್ಮಂಥವರನ್ನು ರೀನೋ ಎಂಬ ಊರಿಗೆ ಕರೆದ. ಬಂದದ್ದು ಸುಮಾರು 20 ಜನ. ಅವನೇ ಸಿನಿಮಾದಲ್ಲಿ ಎತ್ತರದ ಮೇಲೆ ಹೊಟ್ಟೆ ಹೊರೆದವ. ಅಲ್ಲಿಂದ ಶುರುವಾದ ಲಿಟ್ಲ್ ಪೀಪಲ್ ಆಫ್ ಅಮೆರಿಕ ಸಂಘದಲ್ಲಿ ಈಗ ಸಾವಿರಾರು ಜನ. ಅವನು ಹುಟ್ಟಿದ ಅಕ್ಟೋಬರ್ 25ನ್ನೇ ಈಗ ನಮ್ಮ ದಿನ ಎಂದು ಹಲವು ದೇಶಗಳಲ್ಲಿ ಆಚರಿಸುತ್ತಾರೆ. ಅವರನ್ನೂ ಜನ ನಿಂತು ನೋಡಿಯೇ ಇರುತ್ತಾರೆ. ನೋಡಲಿ ಬಿಡಿ.

ಇನ್ನೊಂದು ಸಣ್ಣ ವಿಷಯ. ಮೊದಲ ಸಲ ಗುಂಪಿನವರು ಸೇರಿದಾಗ ಇಡೀ ದಿನ ಮಾತಾಡಿದೆವು. ಸಂಜೆ ಮನೆಗೆ ಬಂದ ಮೇಲೆ ಏನೋ ಬೇರೆ ಅನ್ನಿಸಿತು. ಕುತ್ತಿಗೆ ನೋಯುತ್ತಿರಲಿಲ್ಲ! ಇಡೀ ದಿನ ಯಾರ ಮುಖವನ್ನೂ ತಲೆ ಎತ್ತಿ ನೋಡಿರಲಿಲ್ಲ.

ಉತ್ತರ: ಮೂಡಬಿದ್ರೆ ಜಾವೆಲಿನ್

ಅಕ್ಕ, ನನಗೆ 19. ನಾನೂ ಅದೇ ಗ್ರೂಪಿನಲ್ಲಿ ಇದ್ದೇನೆ. ಟೈಲರಣ್ಣ ಹೂವಿನ ಚಿತ್ರ ಎಂದದ್ದು ನನ್ನ ಅಮ್ಮನಿಗೆ, ಅವರೂ ಗ್ರೂಪಿನಲ್ಲಿ ಇದ್ದಾರೆ, ನೆನಪಿರಲಿ ಅಣ್ಣ.

ಜನ ನೋಡುವ ಬಗ್ಗೆ ಹೇಳುತ್ತೇನೆ. ಒಂದು ಸಲ ನಾವು ಏಳೆಂಟು ಜನ ಪಣಂಬೂರು ಬೀಚಿಗೆ ಹೋಗಿದ್ದೆವು. ಹೌದು, ನೋಡಿದರು. ಒಬ್ಬರು ಅಂಕಲ್ ಬಂದು ಸೆಲ್ಫಿ ಎಂದರು. ನಾನು ಒಬ್ಬನೇ ಇದ್ದರೆ ಸುಮ್ಮನೆ ನಿಂತು ಹಲ್ಲು ಕಿರಿಯುತ್ತಿದ್ದೆ, ಯಾವಾಗಲೂ ಅದನ್ನೇ ಮಾಡುವುದು. ಅವತ್ತು ನಮ್ಮಲ್ಲಿ ಒಬ್ಬಳು "ತಲೆಗೆ ನೂರು ರೂಪಾಯಿ ಅಂಕಲ್, ಜಿಎಸ್‌ಟಿ ಬೇರೆ" ಎಂದಳು. ಅಂಕಲ್ ಹೊರಟೇ ಹೋದರು. ಆಮೇಲೆ ಗಡ್‌ಬಡ್ ಐಸ್‌ಕ್ರೀಂ ತಿನ್ನಲು ಹೋದೆವು. ಆ ಉದ್ದ ಗ್ಲಾಸು, ಎತ್ತರದ ಟೇಬಲ್ಲು, ಎಲ್ಲರೂ ಕುರ್ಚಿಯ ಮೇಲೆ ಮಂಡಿಯೂರಿ ಕೂತು ತಿಂದೆವು. ಯಾರಿಗೂ ನಾಚಿಕೆ ಆಗಲಿಲ್ಲ, ಎಲ್ಲರೂ ಹಾಗೇ ಕೂತಿದ್ದರಲ್ಲ.

ಇನ್ನೊಂದು. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಕೃಷ್ಣ ನಾಗರ್ ನಮ್ಮಂಥ ಕುಳ್ಳಗಿರುವವರ ಬ್ಯಾಡ್ಮಿಂಟನ್ ವಿಭಾಗ ಎಸ್‌ಎಚ್6ರಲ್ಲಿ ಚಿನ್ನ ಗೆದ್ದಾಗ ನಾನು ಸಣ್ಣವ, ಅಷ್ಟು ಗೊತ್ತಾಗಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ನವದೀಪ್ ಸಿಂಗ್ ಜಾವೆಲಿನ್‌ನಲ್ಲಿ ನಮ್ಮಂಥವರ ವಿಭಾಗ ಎಫ್41ರಲ್ಲಿ 47.32 ಮೀಟರ್ ಎಸೆದು ಚಿನ್ನ ತಂದರಲ್ಲ, ಮರುದಿನವೇ ನಮ್ಮ ಪಿಟಿ ಸರ್ ನನ್ನನ್ನು ಹುಡುಕಿಕೊಂಡು ಬಂದರು. ಅಷ್ಟು ವರ್ಷ ಆಟದ ಪೀರಿಯಡ್‌ನಲ್ಲಿ ಸ್ಕೋರ್ ಬರೆಯಲು ಕೂರಿಸುತ್ತಿದ್ದ ಅದೇ ಸರ್! ಅದೇ ಪ್ಯಾರಿಸ್‌ನಲ್ಲಿ ಹೊಸೂರಿನ ನಿತ್ಯಶ್ರೀ ಶಿವನ್ ಬ್ಯಾಡ್ಮಿಂಟನ್‌ನಲ್ಲಿ ಕಂಚು ತಂದರು. ಗಂಡಸರ ಎಫ್41ಕ್ಕೆ ಎತ್ತರ 145 ಸೆಂಟಿಮೀಟರ್ ಒಳಗೆ ಇರಬೇಕು. ಎತ್ತರ ಕಡಿಮೆ ಇದ್ದದ್ದಕ್ಕೆ ನನ್ನನ್ನು ಒಳಗೆ ಸೇರಿಸಿಕೊಂಡದ್ದು ಜೀವನದಲ್ಲಿ ಅದೇ ಮೊದಲು. ನನ್ನ ದೂರ ಈಗಲೇ ಕೇಳಬೇಡಿ.

ಉತ್ತರ: ಸುರತ್ಕಲ್ ಅಮ್ಮ

ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ನನ್ನ ಮಗಳಿಗೆ 7 ತಿಂಗಳು. ಅಕಾಂಡ್ರೊಪ್ಲಾಸಿಯಾ ಎಂದು ಹೇಳಿದ್ದಾರೆ. ನಾವಿಬ್ಬರೂ ಎತ್ತರವೇ. ಗ್ರಹಣದ ದಿನ ನಾನು ಹೊರಗೆ ಹೋಗಿದ್ದೆ ಎಂದು ಅತ್ತೆ ದಿನಕ್ಕೊಂದು ಸಲ ಹೇಳುತ್ತಾರೆ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಬರುವ ಅಜ್ಜಿ "ಕೈಕಾಲು ಚೆನ್ನಾಗಿ ಎಳೆದರೆ ಉದ್ದ ಆಗುತ್ತದೆ" ಎಂದು ಎಳೆಯುತ್ತಾರೆ. ಇನ್ನೂ ಕೂರುತ್ತಿಲ್ಲ ಎಂದು ದಿಂಬು ಇಟ್ಟು ಕೂರಿಸುತ್ತಾರೆ. ನನಗೆ ಭಯ ಆಗುತ್ತದೆ. ದಿನಾ ಇಂಜೆಕ್ಷನ್ ಕೊಟ್ಟರೆ ಬೆಳೆಯುತ್ತಾರೆ ಎಂದು ಯೂಟ್ಯೂಬಿನಲ್ಲಿ ನೋಡಿದೆ, ನಿಜವಾ? ಲೆಕ್ಕದವರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನನ್ನ ಮಗಳು ದೊಡ್ಡವಳಾಗಿ ಹೀಗೆ ಖಾರವಾಗಿ ಬರೆದರೆ ಸಾಕು ಅನ್ನಿಸಿತು.

ಉತ್ತರ: ಮಣಿಪಾಲ ನೈಟ್ ಶಿಫ್ಟ್

ನಾನು ನರ್ಸ್, ಮಕ್ಕಳ ವಾರ್ಡು. ಇಬ್ಬರಿಗೂ ಸೇರಿಸಿ ಬರೆಯುತ್ತೇನೆ.

ಸುರತ್ಕಲ್ ಅಮ್ಮ, ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಎಫ್‌ಜಿಎಫ್‌ಆರ್3 ಎಂಬ ಜೀನ್‌ನಲ್ಲಿ ಒಂದು ಅಕ್ಷರದಷ್ಟು ಬದಲಾವಣೆ. 1994ರಲ್ಲೇ ಪತ್ತೆಯಾಗಿದೆ. ಇಂಥ ಮಕ್ಕಳಲ್ಲಿ 10ರಲ್ಲಿ 8 ಮಕ್ಕಳು ನಿಮ್ಮ ಹಾಗೆ ಸಾಮಾನ್ಯ ಎತ್ತರದ ಅಪ್ಪ ಅಮ್ಮನಿಗೇ ಹುಟ್ಟುವುದು. ನೀವು ತಿಂದದ್ದರಿಂದ, ಹೋದದ್ದರಿಂದ, ನೋಡಿದ್ದರಿಂದ ಆದದ್ದಲ್ಲ. ಅತ್ತೆಯವರನ್ನು ಮುಂದಿನ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ಕೇಳದವರು ಬಿಳಿ ಕೋಟು ಹೇಳಿದರೆ ಕೇಳುತ್ತಾರೆ.

ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಮೆಲ್ಲಗೆ ಎಣ್ಣೆ ಹಚ್ಚಲಿ, ಅಡ್ಡಿಯಿಲ್ಲ. ಈ ಮಕ್ಕಳ ತಲೆ ದೊಡ್ಡದು, ಕುತ್ತಿಗೆಗೆ ಬಲ ಕಡಿಮೆ. ತಲೆಬುರುಡೆಯಿಂದ ಬೆನ್ನುಹುರಿ ಇಳಿಯುವ ರಂಧ್ರ ಕೆಲವರಲ್ಲಿ ಬಹಳ ಇಕ್ಕಟ್ಟು ಇರುತ್ತದೆ. ತಲೆ ಜಗ್ಗುವುದು, ಮೇಲೆ ಎಸೆದು ಹಿಡಿಯುವುದು ಬೇಡ. ದಿಂಬು ಇಟ್ಟು ಕೂರಿಸುವುದೂ ಬೇಡ. ಅವಳಾಗಿ ಕೂರುವವರೆಗೆ ಕಾಯಿರಿ. ಬೇಗ ಕೂರಿಸಿದರೆ ಬೆನ್ನು ಗೂನಾಗುತ್ತದೆ. ಎತ್ತಿಕೊಳ್ಳುವಾಗ ಕುತ್ತಿಗೆಗೂ ಬೆನ್ನಿಗೂ ಆಸರೆ ಕೊಡಿ. ಬೆನ್ನು ಬಾಗುವ ಬಟ್ಟೆಯ ಜೋಲಿಗಿಂತ ಗಟ್ಟಿ ಹಾಸಿಗೆ ಒಳ್ಳೆಯದು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಜೋರು ಗೊರಕೆ, ಕೈಕಾಲು ಸಡಿಲವಾಗುವುದು ಕಂಡರೆ ತಡಮಾಡದೆ ಹೋಗಿ. ಕಿವಿ ಸೋರುವುದು ಇವರಿಗೆ ಜಾಸ್ತಿ, ಅದನ್ನು ಸಸಾರ ಮಾಡಬೇಡಿ, ಕೇಳಿಸದಿದ್ದರೆ ಮಾತು ತಡವಾಗುತ್ತದೆ. ಪಕ್ಕದ ಮನೆಯ ಮಗು ಓಡುತ್ತಿದೆ ಎಂದು ಹೋಲಿಸಬೇಡಿ. ಇವರು ನಡೆಯುವುದು ತಡ. ಬುದ್ಧಿ ಮಾತ್ರ ಎಲ್ಲ ಮಕ್ಕಳ ಹಾಗೆಯೇ.

ಇಂಜೆಕ್ಷನ್ ನಿಜ. ವೊಸೊರಿಟೈಡ್ ಎಂದು ಹೆಸರು. 2021ರಲ್ಲಿ ಯುರೋಪಿನಲ್ಲೂ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ದಿನಾ ಒಂದು, ಎಲುಬು ಬೆಳೆಯುವುದು ನಿಲ್ಲುವವರೆಗೆ. ಪರೀಕ್ಷೆಯಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಹೆಚ್ಚು ಬೆಳೆದದ್ದು ಕಂಡಿದೆ. ಬಹಳ ದುಬಾರಿ. ಬೇಕಾ ಬೇಡವಾ ಎಂಬುದಕ್ಕೆ ನಮ್ಮ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ಎಂದು ಪ್ರತ್ಯೇಕ ವಿಭಾಗವೇ ಇದೆ, ಅಲ್ಲಿ ಕೂತು ಮಾತಾಡಿ. ಯೂಟ್ಯೂಬಿನ ಹತ್ತಿರ ಬೇಡ.

ಲೆಕ್ಕದವಳೇ, ನಿಮ್ಮ ಚಿಕ್ಕಮ್ಮ ನೋಡದೆ ಬಿಟ್ಟದ್ದು ಇನ್ನೂ ಒಂದು ಉಂಟು. ಕುಳ್ಳಗಿರಲು ನೂರಾರು ಕಾರಣ. ಹುಡುಗನದು ಯಾವುದು? ಅವರಿಗೂ ಅಕಾಂಡ್ರೊಪ್ಲಾಸಿಯಾವೇ ಆಗಿದ್ದರೆ, ಪ್ರತಿ ಸಲ ಗರ್ಭ ನಿಂತಾಗಲೂ 4ರಲ್ಲಿ 2 ಪಾಲು ಮಗು ನಿಮ್ಮ ಹಾಗೆ, 1 ಪಾಲು ಸಾಮಾನ್ಯ ಎತ್ತರ, ಇನ್ನೊಂದು ಪಾಲು ಎರಡೂ ಕಡೆಯಿಂದ ಬದಲಾದ ಜೀನ್ ಬರುವುದು. ಆ ಮಗು ಸಾಮಾನ್ಯವಾಗಿ ಉಳಿಯುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ಇಬ್ಬರಿಗೂ ಗೊತ್ತಿದ್ದು ಮದುವೆಯಾಗಿ ಚೆನ್ನಾಗಿರುವವರು ಇದ್ದಾರೆ. ಎತ್ತರದವರನ್ನೇ ಮದುವೆಯಾದರೆ ಮಗು ನಿಮ್ಮ ಹಾಗೆ ಇರಲು ಅರ್ಧಕ್ಕರ್ಧ ಸಾಧ್ಯತೆ. ಯಾರನ್ನೇ ಆದರೂ, ಹೆರಿಗೆ ನಿಮಗೆ ಸಿಸೇರಿಯನ್ನೇ. ಅನಸ್ತೇಶಿಯಾ ಕೊಡುವವರಿಗೆ ನಿಮ್ಮ ಬೆನ್ನಿನ ವಿಷಯ ಮೊದಲೇ ಗೊತ್ತಿರಬೇಕು. ಇದನ್ನೆಲ್ಲ ಬ್ರೋಕರ್ ಹೇಳುವುದಿಲ್ಲ, ಅಲ್ವಾ?

ಸಂತೆಕಟ್ಟೆ ಟೈಲರ್

ನೈಟ್ ಶಿಫ್ಟ್ ಅಕ್ಕನಿಗೆ ಥ್ಯಾಂಕ್ಸ್. ಆ ಇಂಜೆಕ್ಷನ್ ನಮ್ಮ ಗ್ರೂಪಿನ ಎರಡನೇ ದೊಡ್ಡ ಜಗಳ. "ನಮ್ಮಂಥವರೇ ಇನ್ನು ಹುಟ್ಟಬಾರದು ಅಂತಲಾ?" ಎಂದು ಕೆಲವರಿಗೆ ಸಿಟ್ಟು. ನಾನು ಸುಮ್ಮನಿರುತ್ತೇನೆ. ನನ್ನ ಬೆನ್ನಿನ ನೋವನ್ನು ಇನ್ನೊಂದು ಮಗುವಿಗೆ ಕೊಡಿ ಎಂದು ಹೇಳಲು ಬಾಯಿ ಬರುವುದಿಲ್ಲ. ಅಮ್ಮ, ನಿಮ್ಮ ನಿರ್ಧಾರ ನಿಮ್ಮದು. ಮಗುವನ್ನು ಒಮ್ಮೆ ಅಂಗಡಿಗೆ ಕರೆದುಕೊಂಡು ಬನ್ನಿ. ಅವಳಿಗೆ ತನ್ನ ಹಾಗೆ ಇರುವ ಒಬ್ಬ ದೊಡ್ಡ ಮನುಷ್ಯ ಕಣ್ಣಿಗೆ ಬಿದ್ದಿರಲಿ. ನಾನು ಹಾಗೆ ಒಬ್ಬರನ್ನು ನೋಡಿದ್ದು ಮೀಸೆ ಬಂದ ಮೇಲೆ.

ಲೆಕ್ಕದ ತಂಗಿಗೆ, ಕಾಗದಪತ್ರ ಮಾಡಿಸಿದ್ದೀರಾ? 2016ರ ಕಾನೂನಿನ 21 ಅಂಗವಿಕಲತೆಗಳಲ್ಲಿ ನಮ್ಮದೂ ಸೇರಿದೆ. ದೊಡ್ಡವರಾದ ಮೇಲೆ 4 ಅಡಿ 10 ಇಂಚು ಅಥವಾ ಕಡಿಮೆ ಎಂದು ಬರೆದಿದ್ದಾರೆ. ಅದಕ್ಕಿಂತ ಹಿಂದಿನ 1995ರ ಕಾನೂನಿನಲ್ಲಿ ನಮ್ಮ ಹೆಸರೇ ಇರಲಿಲ್ಲ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್‌ನಲ್ಲಿ ಹಾಕಿ. ಅಂಗವಿಕಲತೆ 40 ಶೇಕಡಾ ಅಥವಾ ಹೆಚ್ಚು ಎಂದು ಬರೆದರೆ ಸರ್ಕಾರಿ ಕೆಲಸದ ಮೀಸಲಾತಿಗೆ ಅರ್ಜಿ ಹಾಕಬಹುದು. ನಿಮಗೆ ಅಡಿಕೆ ಬಿಡಲು ಮನಸ್ಸಿಲ್ಲದಿದ್ದರೂ ಕಾರ್ಡು ಇರಲಿ. ಹಳ್ಳಿಯವರು ಓದುತ್ತಿದ್ದರೆ, ನಿಮ್ಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು ಎಂದು ಅಂಗವಿಕಲರ ಕೆಲಸಕ್ಕೇ ಒಬ್ಬರು ಇರುತ್ತಾರೆ, ಅವರನ್ನು ಹಿಡಿಯಿರಿ. ಸುತ್ತಮುತ್ತ ನಿಮ್ಮಂಥವರು ಬೇರೆ ಯಾರಿದ್ದಾರೆ ಎಂದೂ ಅವರಿಗೇ ಗೊತ್ತು.

ಬಸ್ಸಿನ ಮೊಬೈಲ್ ವಿಷಯ. ಅದೇ ಕಾನೂನಿನ 92ನೇ ಸೆಕ್ಷನ್‌ನಲ್ಲಿ, ನಾಲ್ಕು ಜನರ ಎದುರು ಬೇಕೆಂದೇ ಅವಮಾನ ಮಾಡಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ನಾನು ಬಸ್ಸಿನಲ್ಲಿ ಸೆಕ್ಷನ್ ಓದುವುದಿಲ್ಲ. ಕತ್ತರಿ ಚೀಲದಲ್ಲಿ ಇರುತ್ತದೆ, ತೆಗೆದು ಸುಮ್ಮನೆ ಒರೆಸುತ್ತೇನೆ. ನೀವು ಹಾಗೆ ಮಾಡಬೇಡಿ.

ಬಂದರ್ ಲೆಕ್ಕದವಳು

ಎಲ್ಲರಿಗೂ ಥ್ಯಾಂಕ್ಸ್. ಪುಡಿಯ ಸರ್‌ಗೂ.

ನೈಟ್ ಶಿಫ್ಟ್ ಅಕ್ಕ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಹುಡುಗನ ನಂಬರ್ ನಾನೇ ಕೇಳಿ ತೆಗೆದುಕೊಂಡು ನಿನ್ನೆ ರಾತ್ರಿ ಮಾತಾಡಿದೆ. ಅವರನ್ನೂ ಯಾರೂ ಕೇಳಿಲ್ಲವಂತೆ! "ನಿಮ್ಮ ಎತ್ತರ ನನಗೆ ವಾಟ್ಸಾಪಿನಲ್ಲಿ ಬಂತು, ಹೆಸರು ಆಮೇಲೆ ಬಂತು" ಎಂದರು. ಅವರದು ಅಕಾಂಡ್ರೊಪ್ಲಾಸಿಯಾ ಅಲ್ಲ, ಕೀಲುಗಳ ಬೇರೆ ಏನೋ. ಮದುವೆ ಗಿದುವೆ ಇಬ್ಬರಿಗೂ ಈಗ ಬೇಡ. ಆದರೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ನನ್ನ ಫೋನಿನ ಬ್ಯಾಟರಿ ಬದಲಿಸಿಕೊಡುತ್ತೇನೆ ಎಂದಿದ್ದಾರೆ. ಚಿಕ್ಕಮ್ಮನಿಗೆ ಇದನ್ನು ಹೇಳಿಲ್ಲ, ಹೇಳಿದರೆ ಛತ್ರ ಬುಕ್ ಮಾಡುತ್ತಾರೆ.

ಗ್ರೂಪಿನ ಲಿಂಕ್ ಇನ್ನೂ ಒತ್ತಿಲ್ಲ. ನಿಜ ಹೇಳುತ್ತೇನೆ, ಏಳೆಂಟು ಜನರ ಜೊತೆ ಬೀಚಿಗೆ ಹೋಗುವ ಮನಸ್ಸು ಈಗಲೂ ಇಲ್ಲ. ಸುರತ್ಕಲ್ ಅಮ್ಮ, ನಿಮಗೆ ಬೇರೆ ಮೆಸೇಜ್ ಮಾಡಿದ್ದೇನೆ. ಭಾನುವಾರ ಮನೆಗೆ ಬರುತ್ತೇನೆ, ನಿಮ್ಮ ಅತ್ತೆಯವರ ಹತ್ತಿರ ನನಗೂ ಸ್ವಲ್ಪ ಮಾತಾಡಲು ಉಂಟು.

ಟೈಲರಣ್ಣ, ನಿಮಗೊಂದು ಪ್ರಶ್ನೆ. ಚೂಡಿದಾರದ ಟಾಪ್ ಭುಜಕ್ಕೆ ಸರಿಯಾದರೆ ತೋಳು ಮೊಣಕೈ ದಾಟಿ ಬೆರಳವರೆಗೆ ಬರುತ್ತದೆ. ಮಕ್ಕಳ ಸೈಜ್ ತೆಗೆದರೆ ಎದೆಗೆ ಆಗುವುದಿಲ್ಲ, ಮೇಲೆ ಒಂದು ಕರಡಿ ಮರಿಯ ಚಿತ್ರ ಬೇರೆ. ಇಲ್ಲಿ ಹೊಲಿಯುವವರು ತೋಳನ್ನು ಸುಮ್ಮನೆ ಕತ್ತರಿಸಿ ಮಡಚುತ್ತಾರೆ, ಕೈ ಎತ್ತಿದರೆ ಇಡೀ ಟಾಪ್ ಮೇಲೆ ಬರುತ್ತದೆ. ನೀವು ಹೊಲಿಯುತ್ತೀರಾ?

ಸಂತೆಕಟ್ಟೆ ಟೈಲರ್

ಅದನ್ನು ಮೊದಲೇ ಕೇಳುವುದಲ್ಲವಾ ಮಾರಾಯ್ರೆ. ತೋಳನ್ನು ಕೆಳಗೆ ಕತ್ತರಿಸುವುದಲ್ಲ, ಕಂಕುಳ ಹತ್ತಿರವೇ ಬೇರೆ ಕಟಿಂಗ್ ಕೊಡಬೇಕು. ಸೊಂಟದ ಗೆರೆಯನ್ನೂ ಅಳತೆ ನೋಡಿ ಬದಲಿಸಬೇಕು, ಹಿಂದೆ ಸ್ವಲ್ಪ ಹೆಚ್ಚು ಬಟ್ಟೆ ಬಿಡಬೇಕು, ಇಲ್ಲದಿದ್ದರೆ ಎತ್ತಿ ನಿಲ್ಲುತ್ತದೆ. ಕುಂದಾಪುರ ಕಡೆ ಹೋಗುವ ಬಸ್ ಹತ್ತಿ ಸಂತೆಕಟ್ಟೆ ಎಂದು ಹೇಳಿ. ಭಾನುವಾರ ಅಂಗಡಿ ಇಲ್ಲ, ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ. ಬಟ್ಟೆ ಅಂಗಡಿಯವರು ಹೇಳಿದಷ್ಟು ಮೀಟರ್ ತೆಗೆಯಬೇಡಿ, ಒಂದೂ ಮುಕ್ಕಾಲು ಮೀಟರ್ ಸಾಕು. ಕಾಟನ್ ಆದರೆ ಮೊದಲು ನೀರಿಗೆ ಹಾಕಿ ಒಣಗಿಸಿ ತನ್ನಿ.